ಧೂಮಪರೀಕ್ಷೆ

ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಸ್ವಭಾವ. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವನೆಂಬುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಆ ಪಾಠವನ್ನು ಕಲಿತವರು ಅನೇಕರು. ಅದರ ಬೆನ್ನಿಗೇ ಬರುವ ಎರಡನೆಯ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳುವವರು ವಿರಳ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿಯಾದರೂ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ಸರಿಯಲ್ಲ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯೊಡನೆ ಹಸಿಯ ಸೌದೆ ಕೂಡಿದಾಗಲೇ ಹೊಗೆ ಏಳುವುದು. ಈ ಹಸಿಯ ಸೌದೆಯ ಕೂಟವನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಕಣ್ಣಿಗೆ ಕಾಣುವ ಎರಡರ ನಡುವೆ ಕಾಣದೆ ನಿಂತಿರುವ ಮೂರನೆಯದನ್ನು ಹುಡುಕದವನ ಊಹೆಯು ಗಟ್ಟಿಯಾಗಲಾರದೆಂಬುದೇ ಆ ಪಾಠದ ಸಾರ.

ಈ ಪಾಠವು ಓಲೆಗರಿಗಳ ಕಾಲಕ್ಕೇ ಮುಗಿದುಹೋಯಿತೆಂದು ಭಾವಿಸತಕ್ಕದ್ದಲ್ಲ. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಐವತ್ತು ವರ್ಷಗಳಿಗೆ ಮೇಲ್ಪಟ್ಟ ಮೋಟಾರುಬಂಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಗೃಹಸ್ಥರು ಬಹಳ ಮಂದಿ ಇರುವರು. ಅಂಥ ಬಂಡಿಯೊಂದು ಒಂದು ದಿನ ಹಿಂದುಗಡೆಯ ಕೊಳವೆಯಿಂದ ಕರಿಯ ಹೊಗೆಯನ್ನು ಕಾರತೊಡಗುವುದು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಅವು ಕಾಡಿಗೆ ಹಿಡಿದ ದೀಪದ ಕುಡಿಯಂತೆ ಕಪ್ಪಾಗಿರುವುವು. ಇಂಜಿನು ರಿಚ್ ಆಗಿ ಓಡುತ್ತಿದೆಯೆಂದು ಮೆಕ್ಯಾನಿಕ್ಕುಗಳು ಇದನ್ನು ಹೇಳುವರು. ಎಂದರೆ, ಒಳಗೆ ಹೋಗುವ ಗಾಳಿಗೆ ತಕ್ಕುದಕ್ಕಿಂತ ಹೆಚ್ಚಿನ ಪೆಟ್ರೋಲು ಹೋಗುತ್ತಿರುವುದು. ಇಲ್ಲಿ ಬಂಡಿಯ ಒಡೆಯನ ಮುಂದೆ ಎರಡು ದಾರಿಗಳು ತೆರೆಯುವುವು. ಹೆಚ್ಚಾಗಿ ಹೋಗುವ ಪೆಟ್ರೋಲನ್ನು ಎಲ್ಲಿಯಾದರೂ ಒಂದು ಕಡೆ ತಿರುಪು ತಿರುಗಿಸಿ ತಗ್ಗಿಸುವುದು ಒಂದು ದಾರಿ. ಏಕೆ ಹೆಚ್ಚಾಗಿ ಹೋಗುತ್ತಿದೆಯೆಂದು ವಿಚಾರಿಸುವುದು ಇನ್ನೊಂದು. ಹೊಗೆ ನಿಲ್ಲುವುದೇ ಗುರಿಯಾದರೆ ಎರಡೂ ಒಂದೇ ಎಂದು ತೋರುವುದು. ಆದರೆ ಅವೆರಡೂ ನಿಜವಾಗಿ ಒಂದೆಯೇ? ಫಲವು ಸರಿಯಾದಮೇಲೆ ಕಾರಣವನ್ನು ತಿಳಿಯುವ ಹೊಣೆಯು ಉಳಿಯುವುದೇ, ಅಳಿಯುವುದೇ? ಇದು ಯಂತ್ರದ ಪ್ರಶ್ನೆಯಂತೆ ಕಂಡರೂ ಧರ್ಮದ ಪ್ರಶ್ನೆಯೇ ಆಗಿದೆ.

ಮೊದಲು ಈ ದೋಷದಿಂದಾಗುವ ಹಾನಿಯನ್ನು ತಿಳಿಯಬೇಕು. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯುವುದಕ್ಕೆ ಸುಮಾರು 14.7 ತೂಕ ಗಾಳಿ ಬೇಕು. ಪೆಟ್ರೋಲು ಈ ಪ್ರಮಾಣವನ್ನು ಮೀರಿದರೆ ಅದರಲ್ಲಿನ ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ದೊರೆಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದೊಳಗಣ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಅದು ಹಿಡಿದುಕೊಳ್ಳುವುದು. ಇಷ್ಟಲ್ಲದೆ ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಣ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿದು, ಇಂಜಿನಿನ ಎಣ್ಣೆಯನ್ನೇ ತೆಳ್ಳಗೆ ಮಾಡುವುದು. ಹೀಗೆ ಈ ದೋಷವು ಬಂಡಿಯನ್ನೂ ಸವೆಸುವುದು. ಬಂಡಿಯ ಬಳಿಯಲ್ಲಿ ಉಸಿರಾಡುವ ನಿರಪರಾಧಿಗಳನ್ನೂ ಬಾಧಿಸುವುದು.

ಈ ಹಳೆಯ ಬಂಡಿಗಳಲ್ಲಿ ಪೆಟ್ರೋಲನ್ನು ಅಳೆದು ಕೊಡುವ ಏರ್ಪಾಡಿನ ಚರಿತ್ರೆಯನ್ನು ಸ್ವಲ್ಪ ನೋಡತಕ್ಕದ್ದು. ಗಾಳಿಯ ಸೆಳೆತದಿಂದ ತಾನಾಗಿ ಪೆಟ್ರೋಲನ್ನು ಬೆರೆಸುವ ಕಾರ್ಬುರೇಟರು ಬಹುಕಾಲ ನಡೆದು ಬಂದ ಸಾಧನ. ಅದರ ಬದಲಿಗೆ ವಿದ್ಯುತ್ತಿನ ಅಪ್ಪಣೆಯಂತೆ ಪೆಟ್ರೋಲನ್ನು ಚಿಮ್ಮಿಸುವ ಉಪಾಯವನ್ನು ಅಮೆರಿಕದ ಬೆಂಡಿಕ್ಸ್ ಸಂಸ್ಥೆಯವರು 1957ರಲ್ಲಿ ಪ್ರಕಟಿಸಿದರು. ಅಂದಿನ ವಿದ್ಯುತ್ ಸಾಮಗ್ರಿಯ ದೌರ್ಬಲ್ಯದಿಂದ ಅದು ನೆಲೆಗೊಳ್ಳಲಿಲ್ಲ. ಅವರ ಹಕ್ಕುಗಳನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಬಾಷ್ ಸಂಸ್ಥೆಯವರು 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಏರ್ಪಾಡನ್ನು ಹೊರತಂದರು. ಒತ್ತಡವೆಂಬ ಅರ್ಥದ ಜರ್ಮನ್ ಶಬ್ದದ ಮೊದಲಕ್ಷರವೇ ಆ ‘ಡಿ’. ಅಮೆರಿಕದಲ್ಲಿ 1968ರ ಮಾದರಿಯ ಬಂಡಿಗಳಿಂದ ಮೊದಲಾಗಿ ಹೊಗೆಯ ಕಲ್ಮಷಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಮಿತಿಯನ್ನು ವಿಧಿಸಲಾಯಿತು. ಅಲ್ಲಿಗೆ ಹೋಗುವ ವೋಕ್ಸ್‌ವ್ಯಾಗನ್ 1600 ಬಂಡಿಗಳಿಗೆ ಈ ಏರ್ಪಾಡನ್ನು ಮೊದಲು ಅಳವಡಿಸಿದರು. ಮುಂದೆ ಸ್ವೀಡನ್ನಿನ ವೋಲ್ವೋ 1800ಇ, ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ 21, ಜರ್ಮನಿಯ ಪೋರ್ಷೆ 914 ಮುಂತಾದುವು ಇದನ್ನು ಪಡೆದುವು. ಗಾಳಿಯನ್ನು ಶುದ್ಧವಾಗಿಡುವ ಸಂಕಲ್ಪದಿಂದ ಮೊದಲು ಬೀದಿಗಿಳಿದ ಸಾಧನವೇ ಕೆಟ್ಟಾಗ ಗಾಳಿಯನ್ನು ಕೆಡಿಸುವುದೆಂಬುದು ಗಮನಿಸತಕ್ಕ ಸಂಗತಿ.

ಈ ಏರ್ಪಾಡಿನ ನಡವಳಿಕೆಯನ್ನು ಒಂದು ನ್ಯಾಯಸ್ಥಾನಕ್ಕೆ ಹೋಲಿಸಬಹುದು. ಪಂಪು ಪೆಟ್ರೋಲನ್ನು ಸುಮಾರು 2 ಬಾರ್ ಒತ್ತಡದಲ್ಲಿ ಸದಾ ನಿಲ್ಲಿಸಿರುವುದು. ಇಂಜೆಕ್ಟರೆಂಬ ಪುಟ್ಟ ಬಾಗಿಲು ಸೆಕೆಂಡಿನ ಕೆಲವು ಸಾವಿರದ ಪಾಲುಗಳಷ್ಟು ಹೊತ್ತು ತೆರೆದು ಮುಚ್ಚುವುದು. ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಪು ಕೊಡುವುದು ಒಂದು ವಿದ್ಯುತ್ ಪೆಟ್ಟಿಗೆ, ಅದೇ ನ್ಯಾಯಾಧೀಶ. ಆದರೆ ಆ ಪೆಟ್ಟಿಗೆಯು ಇಂಜಿನನ್ನು ತಾನು ಕಂಡುದೇ ಇಲ್ಲ. ಅದಕ್ಕೆ ಸಾಕ್ಷಿಗಳ ಮಾತೇ ಆಧಾರ. ಮ್ಯಾನಿಫೋಲ್ಡಿನಲ್ಲಿ ಒತ್ತಡವೆಷ್ಟೆಂದು ಒಂದು ಸಾಕ್ಷಿ ಹೇಳುವುದು. ಇಂಜಿನಿನ ವೇಗವನ್ನು ಡಿಸ್ಟ್ರಿಬ್ಯೂಟರಿನೊಳಗಣ ಸಂಪರ್ಕಗಳು ಹೇಳುವುವು. ಒಳಬರುವ ಗಾಳಿಯ ಉಷ್ಣವನ್ನು ಮತ್ತೊಂದು, ಇಂಜಿನಿನ ಉಷ್ಣವನ್ನು ಇನ್ನೊಂದು ತಿಳಿಸುವುವು. ಇವುಗಳ ಮಾತನ್ನು ಕೇಳಿ ಪೆಟ್ಟಿಗೆಯು ತೀರ್ಪನ್ನು ಕೊಡುವುದೇ ಹೊರತು, ಆ ತೀರ್ಪಿನಿಂದ ಹೊರಗೆ ಬಂದ ಹೊಗೆಯು ಕರಿದೋ ಬಿಳಿದೋ ಎಂದು ನೋಡುವ ಕಣ್ಣು ಅದಕ್ಕಿಲ್ಲ. ತನ್ನ ತೀರ್ಪಿನ ಫಲವನ್ನು ಎಂದೂ ಕಾಣದ ನ್ಯಾಯಾಧೀಶನಿಗೆ ಸಾಕ್ಷಿಗಳ ಸತ್ಯನಿಷ್ಠೆಯೊಂದೇ ಶರಣು.

ಹೀಗಿರಲು, ಹೊಗೆಯನ್ನು ಕಂಡ ಒಡೆಯನು ಮೊಟ್ಟಮೊದಲು ಯಾರನ್ನು ಶಂಕಿಸುವನು? ಬಹುಮಟ್ಟಿಗೆ ಆ ಪೆಟ್ಟಿಗೆಯನ್ನೇ. ಅದರ ಒಳಗೇನಿದೆಯೆಂಬುದು ಅವನಿಗೆ ತಿಳಿಯದು. ತಿಳಿಯದುದರ ಮೇಲೆ ತಪ್ಪು ಹೊರಿಸುವುದು ಸುಲಭ. ಊರಿಗೆ ಹೊಸದಾಗಿ ಬಂದ ಪರದೇಶಿಯ ಮೇಲೆ ಕಳವಿನ ಅಪವಾದ ಬೀಳುವುದೂ ಇದೇ ರೀತಿಯಲ್ಲಿ. ಪಳಗಿದ ಕೈಗಳ ಅನುಭವವಾದರೋ ಇದಕ್ಕೆ ವಿರುದ್ಧವಾದುದು: ಪೆಟ್ಟಿಗೆ ಕೆಡುವುದು ಅಪರೂಪ, ಅದಕ್ಕೆ ಸುದ್ದಿ ತರುವವರು ಕೆಡುವುದೇ ವಾಡಿಕೆ. ನ್ಯಾಯಾಧೀಶನ ತೀರ್ಪು ಅನ್ಯಾಯವಾಗಿದ್ದರೂ ನ್ಯಾಯಾಧೀಶನು ನಿರ್ದೋಷಿಯಾಗಿರಬಹುದು. ‘ನೀನು ಹೇಳಿದ ಮಾತು ನಿಜವಾಗಿದ್ದರೆ ನನ್ನ ತೀರ್ಪು ಸರಿ’ ಎಂದು ಪೆಟ್ಟಿಗೆಗೆ ಬಾಯಿದ್ದರೆ ನುಡಿಯುತ್ತಿತ್ತು.

ಆದಕಾರಣ ವಿಚಾರಣೆಗೆ ಒಂದು ಕ್ರಮ ಬೇಕು. ಒಂದು ಇದ್ದರೆ ಮತ್ತೊಂದು ಇರುವುದು, ಒಂದು ಇಲ್ಲದಿದ್ದರೆ ಮತ್ತೊಂದು ಇಲ್ಲದಿರುವುದು, ಎಂಬ ಅನ್ವಯವ್ಯತಿರೇಕಗಳೇ ಇಲ್ಲಿಯೂ ದಾರಿದೀಪ. ಮೊದಲು ಹೊಗೆಯು ನಿಜವಾಗಿಯೂ ಪೆಟ್ರೋಲಿನ ಹೆಚ್ಚಳದಿಂದಲೇ ಬಂದುದೇ ಎಂದು ನೋಡಬೇಕು. ಕಿಡಿ ದುರ್ಬಲವಾದರೆ ಅಳತೆಗೆ ಸರಿಯಾಗಿ ಬಂದ ಪೆಟ್ರೋಲೂ ಉರಿಯದೆ ಉಳಿದು ಪ್ಲಗ್ಗುಗಳನ್ನು ನೆನೆಯಿಸುವುದು. ಅಲ್ಲಿ ದೋಷಿಯು ಕಿಡಿ, ಪೆಟ್ರೋಲಲ್ಲ. ಅನಂತರ ಪೆಟ್ರೋಲಿನ ಒತ್ತಡವನ್ನು ಮಾಪಕವಿಟ್ಟು ಅಳೆಯಬೇಕು. ಹಿಂದಿರುಗುವ ಕೊಳವೆ ಕಟ್ಟಿಕೊಂಡು ಒತ್ತಡವು 2 ಬಾರಿನಿಂದ 3ಕ್ಕೆ ಏರಿದರೆ, ಬಾಗಿಲು ತೆರೆದಿರುವ ಹೊತ್ತು ಮೊದಲಿನಷ್ಟೇ ಆದರೂ ಸುಮಾರು ಐದರಲ್ಲೊಂದು ಪಾಲಿನಷ್ಟು ಹೆಚ್ಚು ಪೆಟ್ರೋಲು ಒಳನುಗ್ಗುವುದು. ಆಮೇಲೆ, ಚಳಿಯಲ್ಲಿ ಇಂಜಿನು ಹೊರಡುವಾಗ ಮಾತ್ರ ಪೆಟ್ರೋಲನ್ನು ಸಿಂಪಡಿಸುವ ಪ್ರತ್ಯೇಕವಾದ ಬಾಗಿಲೊಂದುಂಟು. ಅದನ್ನು ಬಿಚ್ಚಿ, ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ಆ ಬಳಿಕ ಒತ್ತಡದ ಸಾಕ್ಷಿಯ ಸರದಿ. ಅದಕ್ಕೆ ಹೋಗುವ ರಬ್ಬರು ಕೊಳವೆ ಸೀಳಿದರೆ, ಬಂಡಿ ಸಮನೆಲದಲ್ಲಿ ಮೆಲ್ಲನೆ ಹೋಗುತ್ತಿದ್ದರೂ ಕಡಿದಾದ ದಿಣ್ಣೆಯನ್ನು ಹತ್ತುತ್ತಿದೆಯೆಂಬ ಸುದ್ದಿ ಪೆಟ್ಟಿಗೆಗೆ ಮುಟ್ಟುವುದು. ಕೆಲವು ಮಾದರಿಗಳಲ್ಲಿ ಅದರೊಳಗಿನ ತೆಳುವಾದ ಲೋಹದ ತಗಡು ಬಿರುಕುಬಿಟ್ಟರೂ ಹಾಗೆಯೇ. ಕೈಪಂಪಿನಿಂದ ಅದರೊಳಗಿನ ಗಾಳಿಯನ್ನು ಹೀರಿ, ಆ ನಿರ್ವಾತವು ನಿಲ್ಲುವುದೇ ಎಂದು ನೋಡಿದರೆ ಈ ಸಾಕ್ಷಿಯ ಪರೀಕ್ಷೆ ಆಗುವುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನು ಫಲವನ್ನು ಪಡೆದರೂ ಜ್ಞಾನವನ್ನು ಪಡೆಯಲಾರನು.

ಇವೆಲ್ಲ ಸರಿಯಾಗಿದ್ದರೆ ಉಳಿಯುವುದು ಇಂಜಿನಿನ ಉಷ್ಣವನ್ನು ಹೇಳುವ ಸಾಕ್ಷಿ. ವೋಲ್ವೋ 1800ಇಯಂಥ ನೀರಿನಿಂದ ತಣಿಸುವ ಬಂಡಿಯಲ್ಲಿ ಇದು ನೀರಿನಲ್ಲಿ ಮುಳುಗಿರುವ ಒಂದು ಸಣ್ಣ ಸಾಧನ. ನೀರು ಬಿಸಿಯಾದಂತೆ ಇದರ ವಿದ್ಯುತ್ ಪ್ರತಿರೋಧ ಇಳಿಯುವುದು: 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ತಣ್ಣಗಿರುವ ಇಂಜಿನಿನಲ್ಲಿ ಪೆಟ್ರೋಲಿನ ಒಂದು ಪಾಲು ಗೋಡೆಗಳಿಗೆ ಹತ್ತಿ ಉಳಿಯುವುದರಿಂದ, ಪ್ರತಿರೋಧ ಹೆಚ್ಚಿರುವಾಗ ಪೆಟ್ಟಿಗೆಯು ಪೆಟ್ರೋಲನ್ನು ಹೆಚ್ಚಿಸಿ ಕೊಡುವುದು. ಇದು ಯುಕ್ತವೇ. ಆದರೆ ಐವತ್ತು ವರ್ಷಗಳಲ್ಲಿ ತಂತಿಯ ತುದಿಯ ಕನೆಕ್ಟರಿಗೆ ಕಿಲುಬು ಹಿಡಿದು, ಅದು ತನ್ನದಾಗಿ 1000 ಓಮ್ ಪ್ರತಿರೋಧವನ್ನು ಸೇರಿಸಿದರೆ, 80 ಡಿಗ್ರಿಗೆ ಕಾದ ಇಂಜಿನಿನ ಸುದ್ದಿಯು 1300 ಓಮ್ ಆಗಿ ಪೆಟ್ಟಿಗೆಗೆ ಮುಟ್ಟುವುದು. ಅದನ್ನು ಕೇಳಿದ ಪೆಟ್ಟಿಗೆಯು ಇಂಜಿನು ಇನ್ನೂ 40 ಡಿಗ್ರಿಯ ಆಸುಪಾಸಿನಲ್ಲಿದೆಯೆಂದು ನಂಬಿ ಧಾರಾಳವಾಗಿ ಪೆಟ್ರೋಲನ್ನು ಕೊಡುವುದು. ತಂತಿಯೇ ಕಳಚಿಬಿದ್ದರಂತೂ ಪ್ರತಿರೋಧ ಅಪಾರವಾಗಿ, ಇಂಜಿನು ಹಿಮಕ್ಕಿಂತಲೂ ತಣ್ಣಗಿದೆಯೆಂಬುದು ಅದರ ನಂಬಿಕೆ. ಇಲ್ಲಿ ಒಂದು ಸೂಕ್ಷ್ಮವುಂಟು. ಸಾಧನವನ್ನು ಬಿಡಿಸಿ ಅದರ ತುದಿಯಲ್ಲಿಯೇ ಅಳೆದವನಿಗೆ ದೋಷ ಕಾಣದು, ಏಕೆಂದರೆ ಸಾಕ್ಷಿಯು ನಿಜವನ್ನೇ ಹೇಳುತ್ತಿರುವುದು. ಆ ಮಾತನ್ನು ಮಾರ್ಪಡಿಸಿದವನು ನಡುವಣ ದೂತ. ಪೆಟ್ಟಿಗೆಯ ಬಳಿಯ ತುದಿಯಲ್ಲಿ, ಎಂದರೆ ಮಾತು ನ್ಯಾಯಾಧೀಶನ ಕಿವಿಗೆ ಬೀಳುವಲ್ಲಿ ಅಳೆದವನಿಗೆ ಮಾತ್ರ ಸತ್ಯ ತಿಳಿಯುವುದು.

ಈಗ ಮೊದಲನೆಯ ದಾರಿಯವನ ಉಪಾಯವನ್ನು ನೋಡತಕ್ಕದ್ದು. ಕಿಲುಬನ್ನು ಹುಡುಕುವ ತಾಳ್ಮೆ ಅವನಿಗಿಲ್ಲ. ಸುದ್ದಿಯು ಇಂಜಿನು ತಣ್ಣಗಿದೆಯೆನ್ನುತ್ತಿದ್ದರೆ, ಬಿಸಿಯಾಗಿದೆಯೆನ್ನುವ ಇನ್ನೊಂದು ಸುಳ್ಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರಾಯಿತೆಂದು ಬಗೆದು, ಸುಮಾರು 390 ಓಮಿನ ಒಂದು ಪ್ರತಿರೋಧಕವನ್ನು ಆ ತಂತಿಗೆ ಸಮಾಂತರವಾಗಿ ಜೋಡಿಸುವನು. 1300ಕ್ಕೂ 390ಕ್ಕೂ ಸಮಾಂತರದ ಲೆಕ್ಕ ಹಾಕಿದರೆ ಬರುವುದು ಸರಿಯಾಗಿ 300 ಓಮ್! ಕಾದ ಇಂಜಿನಿನಲ್ಲಿ ಹೊಗೆ ನಿಲ್ಲುವುದು. ಒಡೆಯನು ತನ್ನ ಜಾಣತನಕ್ಕೆ ತಾನೇ ಮೆಚ್ಚುವನು. ಮರುದಿನದ ತಂಪು ಹೊತ್ತಿನಲ್ಲಿ ಏನಾಗುವುದು? ಆಗ ಸಾಧನದ 2500 ಓಮ್, ಕಿಲುಬಿನ 1000 ಓಮ್, ಕೂಡಿ 3500. ಪಕ್ಕದ 390 ಓಮಿನೊಡನೆ ಅದು 351 ಓಮ್ ಆಗುವುದು. ತಣ್ಣಗೆ ಮಲಗಿದ್ದ ಇಂಜಿನು ಆಗಲೇ ಕುದಿಯುವ ಹೊತ್ತಿಗೆ ಬಂದಿದೆಯೆಂದು ಪೆಟ್ಟಿಗೆಯು ನಂಬಿ ಪೆಟ್ರೋಲನ್ನು ಬಿಗಿಹಿಡಿಯುವುದು. ಬಂಡಿ ಕೆಮ್ಮುತ್ತ ನಿಲ್ಲುವುದು. ಎರಡು ಸುಳ್ಳುಗಳು ಒಂದನ್ನೊಂದು ತಿಂದು ಸತ್ಯದಂತೆ ಕಂಡುದು ಒಂದೇ ಒಂದು ಉಷ್ಣದಲ್ಲಿ. ಸತ್ಯವಾದರೋ ಎಲ್ಲ ಹೊತ್ತಿಗೂ ಒಪ್ಪುವುದು. ಸುಳ್ಳನ್ನು ಹೊತ್ತುಹೊತ್ತಿಗೂ ಬೇರೆಬೇರೆಯಾಗಿ ಕಟ್ಟಬೇಕಾಗುವುದು.

ಈ ಪ್ರಶ್ನೆಯು ದಾರ್ಶನಿಕರಿಗೆ ಹೊಸದಲ್ಲ. ದೂರದ ಮಂಜನ್ನು ಹೊಗೆಯೆಂದು ಭ್ರಮಿಸಿ ಅಲ್ಲಿ ಬೆಂಕಿಯುಂಟೆಂದು ಒಬ್ಬನು ನಿಶ್ಚಯಿಸಿದನು. ದೈವವಶದಿಂದ ಅಲ್ಲಿ ಬೆಂಕಿಯೂ ಇದ್ದಿತು. ಅವನಿಗಾದುದು ಯಥಾರ್ಥಜ್ಞಾನವೇ? ಹನ್ನೆರಡನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಪ್ರಮೆಯ ಲಕ್ಷಣಗಳನ್ನು ಕೆಣಕುವಾಗ ಇಂಥ ಪ್ರಸಂಗಗಳನ್ನು ಮುಂದಿಟ್ಟನು. ಫಲವು ವಸ್ತುಸ್ಥಿತಿಗೆ ಹೊಂದಿದ ಮಾತ್ರಕ್ಕೆ ಅದನ್ನು ಜ್ಞಾನವೆನ್ನಲು ಬುದ್ಧಿಯು ಹಿಂಜರಿಯುವುದು. ಏಕೆಂದರೆ ನಾಳೆ ಅದೇ ಮಂಜನ್ನು ಕಂಡು ಅವನು ಅದೇ ನಿಶ್ಚಯಕ್ಕೆ ಬರುವನು. ಬೆಂಕಿ ಮಾತ್ರ ಅಲ್ಲಿರುವುದಿಲ್ಲ. 390 ಓಮಿನ ಉಪಾಯದವನ ಗತಿಯೂ ಇದೇ. ಅವನ ಬಂಡಿ ಒಂದು ಮಧ್ಯಾಹ್ನ ಸರಿಯಾಗಿ ಓಡಿತು. ಆದರೆ ಅವನಿಗೆ ತನ್ನ ಬಂಡಿಯ ವಿಷಯ ಏನೂ ತಿಳಿಯಲಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಊರಿನಿಂದ ದೂರದಲ್ಲಿ ರಾತ್ರಿ ಹೊತ್ತು ಬಂಡಿ ನಿಂತುಹೋದರೆ, ಹೆಂಡಿರು ಮಕ್ಕಳನ್ನು ಮನೆಗೆ ಮುಟ್ಟಿಸಬೇಕಾದವನು ಕಾರಣಮೀಮಾಂಸೆ ಮಾಡುತ್ತ ಕೂಡಬೇಕೇ? ವೈದ್ಯನೂ ಮೊದಲು ಜ್ವರವನ್ನು ಇಳಿಸುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆಯುರ್ವೇದದವರು ರೋಗವನ್ನು ತಿಳಿಯುವುದಕ್ಕೆ ಹೇಳಿದ ಐದು ಸಾಧನಗಳಲ್ಲಿ, ನಿದಾನ, ಪೂರ್ವರೂಪ, ರೂಪ, ಸಂಪ್ರಾಪ್ತಿಗಳೊಡನೆ ಉಪಶಯವೂ ಒಂದು. ಮದ್ದನ್ನೋ ಪಥ್ಯವನ್ನೋ ಕೊಟ್ಟು ನೋಡಿ, ಹಿತವಾಯಿತೋ ಅಹಿತವಾಯಿತೋ ಎಂಬುದರಿಂದ ಗೂಢವಾದ ರೋಗವನ್ನು ಗುರುತಿಸುವುದೇ ಉಪಶಯ. ಶಂಕೆಯಿದ್ದಲ್ಲಿ ಬೇರೊಂದು ಪ್ರತಿರೋಧಕವನ್ನು ಕ್ಷಣಕಾಲ ಜೋಡಿಸಿ ಹೊಗೆ ನಿಂತಿತೇ ಎಂದು ನೋಡಿದರೆ ಅದು ಉಪಶಯ, ಅದು ವಿಚಾರಣೆಯ ಅಂಗ. ಆಪತ್ತಿನಲ್ಲಿ ಅದನ್ನೇ ಮನೆ ಸೇರುವವರೆಗೆ ಇಟ್ಟುಕೊಂಡರೆ ಅದು ಆಪದ್ಧರ್ಮ. ಆದರೆ ಮನೆ ಸೇರಿದ ಮೇಲೆ ಅದನ್ನೇ ಚಿಕಿತ್ಸೆಯೆಂದು ಬಗೆದು, ಟೇಪು ಸುತ್ತಿ ಮರೆಸಿಟ್ಟರೆ ಅದು ವಂಚನೆ. ಕೈಯ ಕೆಲಸವು ಮೂರರಲ್ಲಿಯೂ ಒಂದೇ. ಭೇದವೆಲ್ಲ ಮನಸ್ಸಿನಲ್ಲಿಯೂ ಬಹಿರಂಗದಲ್ಲಿಯೂ ಇರುವುದು. ತಾತ್ಕಾಲಿಕವೆಂದು ಚೀಟಿ ಬರೆದು ಕಟ್ಟಿದ ಪ್ರತಿರೋಧಕದಲ್ಲಿ ದೋಷವಿಲ್ಲ.

ಮರೆಸಿಡುವುದರಲ್ಲಿ ದೋಷವೇಕೆಂದರೆ, ಹಳೆಯ ಬಂಡಿಯು ಒಬ್ಬನ ಆಯುಸ್ಸಿಗೆ ಮುಗಿಯುವ ವಸ್ತುವಲ್ಲ. ಅದು ಕೈಯಿಂದ ಕೈಗೆ ಹೋಗುವುದು. ಇಂದು ಒಬ್ಬನು ಮರೆಸಿಟ್ಟ ಸುಳ್ಳು ನಾಳೆ ಇನ್ನೊಬ್ಬನ ಪಾಲಿಗೆ ವಸ್ತುಸ್ಥಿತಿಯಾಗುವುದು. ಇದಕ್ಕಿಂತಲೂ ಕೆಡುಕಾದುದೊಂದುಂಟು. ಒತ್ತಡದ ಸಾಕ್ಷಿಯೊಳಗೆ ಒಂದು ತಿರುಪಿರುವುದು. ಕಾರ್ಖಾನೆಯಲ್ಲಿ ಅಳತೆಗೆ ಕೂಡಿಸಿದ ಮೇಲೆ ಅದನ್ನು ಯಾರೂ ಮುಟ್ಟದಂತೆ ಮುಚ್ಚಿರುವರು. ಅಸಹನೆಯುಳ್ಳವನು ಆ ಮುಚ್ಚಳವನ್ನು ಒಡೆದು, ಹೊಗೆ ನಿಲ್ಲುವವರೆಗೆ ತಿರುಪನ್ನು ತಿರುಗಿಸುವನು. ಮೂಲದ ಗುರುತು ಅಲ್ಲಿಗೆ ಅಳಿಯಿತು. ಕಿಲುಬನ್ನು ಮುಂದೆ ಯಾರಾದರೂ ಕಂಡು ಉಜ್ಜಿ ತೆಗೆದರೂ ಬಂಡಿಯು ಸರಿಹೋಗದು. ಸರಿಯಾದ ಕೆಲಸ ಮಾಡಿದವನೇ ಕೆಡಿಸಿದವನೆಂದು ತೋರುವನು. ತಪ್ಪು ಮಾಡಿದವನಿಗಿಂತ, ತಪ್ಪನ್ನು ತಪ್ಪೆಂದು ತಿಳಿಯುವ ಮಾನದಂಡವನ್ನೇ ಮುರಿದವನು ಹೆಚ್ಚಿನ ಅಪರಾಧಿ. ಸಭೆಯಲ್ಲಿ ಅಧರ್ಮ ನಡೆದರೆ ಅದರ ಪಾಪವು ಮಾಡಿದವನಿಗೆ, ಸಾಕ್ಷಿಗೆ, ಸಭಾಸದರಿಗೆ, ರಾಜನಿಗೆ ನಾಲ್ಕು ಪಾಲಾಗಿ ಹಂಚಿಕೆಯಾಗುವುದೆಂದು ಮನುಸ್ಮೃತಿಯು ವಿಧಿಸಿತು. ಜಡವಾದ ಕಿಲುಬಿಗೂ ಪೆಟ್ಟಿಗೆಗೂ ಪಾಪವಿಲ್ಲ. ಈ ಸಭೆಯಲ್ಲಿ ಚೇತನನು ಒಡೆಯನೊಬ್ಬನೇ ಆದುದರಿಂದ ನಾಲ್ಕು ಪಾಲೂ ಅವನ ತಲೆಗೇ ಬರುವುವು.

ಯಂತ್ರಗಳು ಇನ್ನಷ್ಟು ಚತುರವಾದರೆ ಈ ಹೊಣೆ ತಪ್ಪುವುದೆಂದು ಕೆಲವರು ಭಾವಿಸಬಹುದು. ತೀರ್ಪಿನ ಫಲವನ್ನು ಕಾಣುವ ಕಣ್ಣನ್ನೂ ಮುಂದೆ ಕೊಟ್ಟರು. 1976ರಲ್ಲಿ ವೋಲ್ವೋ ಬಂಡಿಗಳ ಹೊಗೆಯ ಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಎಂಬ ಸಾಧನವನ್ನು ಇಟ್ಟರು. ಇಂದಿನ ಪೆಟ್ರೋಲು ಬಂಡಿಗಳಲ್ಲಿ ಅದು ಸಾಮಾನ್ಯವಾಗಿದೆ. ಪೆಟ್ರೋಲು ಹೆಚ್ಚಾದರೆ ಪೆಟ್ಟಿಗೆಯು ತಾನೇ ಅರಿತು ತಿದ್ದಿಕೊಳ್ಳುವುದು. ಆದರೆ ಒಂದು ಪ್ಲಗ್ಗಿನಲ್ಲಿ ಕಿಡಿ ತಪ್ಪಿದರೆ, ಉರಿಯದ ಪೆಟ್ರೋಲಿನೊಡನೆ ಬಳಕೆಯಾಗದ ಆಮ್ಲಜನಕವೂ ಹೊರಗೆ ಬರುವುದು. ಆ ಸಾಧನಕ್ಕೆ ಕಾಣುವುದು ಆಮ್ಲಜನಕ ಮಾತ್ರ. ಆದುದರಿಂದ ಅದು ಪೆಟ್ರೋಲು ಸಾಲದೆಂದು ಸಾಕ್ಷಿ ನುಡಿಯುವುದು. ಪೆಟ್ಟಿಗೆಯು ಅದನ್ನು ನಂಬಿ ಇನ್ನೂ ಪೆಟ್ರೋಲನ್ನು ಸುರಿಯುವುದು. ಪ್ರತ್ಯಕ್ಷವೆಂಬುದೂ ತನ್ನ ವಿಷಯದ ಎಲ್ಲೆಯೊಳಗೇ ಪ್ರಮಾಣ. ಹೊಸ ಸಾಕ್ಷಿಯೊಬ್ಬನು ಬಂದ ಮಾತ್ರಕ್ಕೆ ಸಾಕ್ಷಿಪರೀಕ್ಷೆಯ ಹೊಣೆ ತೀರಲಿಲ್ಲ; ಪರೀಕ್ಷಿಸಬೇಕಾದವರ ಸಂಖ್ಯೆ ಒಂದು ಹೆಚ್ಚಿತು, ಅಷ್ಟೆ.

ಫಲವು ಸರಿಯಾದಮೇಲೆ ಕಾರಣವನ್ನು ತಿಳಿಯುವ ಹೊಣೆ ಉಳಿಯುವುದೇ ಎಂಬ ಪ್ರಶ್ನೆಗೆ, ಉಳಿಯುವುದೆಂದೇ ಉತ್ತರ ಹೇಳಬೇಕಾಗಿದೆ. ಫಲವು ಇಂದಿನ ಒಂದು ಹೊತ್ತಿಗೆ ಸೇರಿದುದು. ಕಾರಣವು ನಾಳೆಗೂ, ನಾಳೆಯವರಿಗೂ ಸೇರಿದುದು. ತೀರ್ಪನ್ನು ತಿದ್ದುವುದಕ್ಕೆ ಮುಂಚೆ ಸಾಕ್ಷಿಯನ್ನು ವಿಚಾರಿಸಬೇಕು. ಸಾಕ್ಷಿಯನ್ನು ದಂಡಿಸುವುದಕ್ಕೆ ಮುಂಚೆ ದೂತನನ್ನು ವಿಚಾರಿಸಬೇಕು. ಹೀಗೆ ಕ್ರಮವಾಗಿ ನಡೆದವನಿಗೆ ಬಹುಸಲ ಕೊನೆಗೆ ದೊರೆಯುವ ಅಪರಾಧಿಯು ಒಂದು ಬೆರಳಗಲದ ಕಿಲುಬು. ಅದನ್ನು ತೆಗೆಯಲು ಬೇಕಾದುದು ಒಂದು ಚೂರು ಉಪ್ಪುಕಾಗದ, ಅರ್ಧ ಗಳಿಗೆಯ ಹೊತ್ತು. ಅದನ್ನು ಕಾಣುವುದಕ್ಕೆ ಎರಡು ದಿನಗಳು ಹಿಡಿದುವೆಂದು ಅವನು ಬೇಸರಿಸಬೇಕಾದುದಿಲ್ಲ. ಆ ಎರಡು ದಿನಗಳಲ್ಲಿ ಅವನು ಯಾವ ನಿರಪರಾಧಿಯನ್ನೂ ದಂಡಿಸಲಿಲ್ಲ. ಬಂಡಿಯನ್ನು ಮುಂದೆ ಪಡೆಯುವವನಿಗೆ ಯಾವ ಸುಳ್ಳನ್ನೂ ಬಿಟ್ಟುಹೋಗಲಿಲ್ಲ.